ಗಡಿನಾಡಿನ ಇಗರ್ಜಿ ಶಾಲೆಗೆ ಮಗುವನ್ನು ಸೇರಿಸುವ ಮುನ್ನ: ಆಯ್ಕೆ ಮತ್ತು ಪ್ರವೇಶದ ಮಾರ್ಗದರ್ಶಿ

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಕಾಸರಗೋಡು, ಮಂಜೇಶ್ವರ ಕಡೆಯ ಓದುಗರಿಂದ ವರ್ಷವೂ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮನೆಯ ಹತ್ತಿರ ಇಗರ್ಜಿಯವರ ಸಣ್ಣ ಪ್ರಾಥಮಿಕ ಶಾಲೆಯೊಂದಿದೆ, ನಾವು ಕ್ರೈಸ್ತರಲ್ಲ, ಸೇರಿಸಿಕೊಳ್ಳುತ್ತಾರೆಯೇ? ಡೊನೇಷನ್ ಕೊಡಬೇಕೇ? ಮಕ್ಕಳ ಸಂಖ್ಯೆ ಕಡಿಮೆಯಂತೆ, ಶಾಲೆ ಮುಚ್ಚಿಹೋದರೆ ನಮ್ಮ ಮಗುವಿನ ಗತಿಯೇನು? ಕನ್ನಡ ಮಾಧ್ಯಮಕ್ಕೆ ಹಾಕಿದರೆ ಮುಂದೆ ತೊಂದರೆಯಾಗದೇ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳುತ್ತೇನೆ: ಇಂಥ ಶಾಲೆಗಳಲ್ಲಿ ಪ್ರವೇಶ ಪಡೆಯುವುದು ಹೆತ್ತವರು ಅಂಜುವಷ್ಟು ಕಷ್ಟದ ಕೆಲಸವಲ್ಲ. ಯಾವ ಶಾಲೆ, ಯಾವ ಮಾಧ್ಯಮ, ನಾಲ್ಕನೇ ತರಗತಿಯ ನಂತರ ಎಲ್ಲಿಗೆ ಎಂಬುದನ್ನು ಯೋಚಿಸದೆ ಸೇರಿಸಿದವರೇ ಮುಂದೆ ತೊಂದರೆಗೆ ಸಿಲುಕುತ್ತಾರೆ. ಆದ್ದರಿಂದ ಅರ್ಜಿಗಿಂತ ಆಯ್ಕೆಗೆ ಹೆಚ್ಚು ಸಮಯ ಕೊಡಿ, ಮತ್ತು ಆ ಕೆಲಸವನ್ನು ಬೇಸಿಗೆ ರಜೆಗಿಂತ ಮುಂಚೆ, ಶಾಲೆ ನಡೆಯುತ್ತಿರುವಾಗಲೇ ಆರಂಭಿಸಿ.

1. ಅದು ಯಾವ ವರ್ಗದ ಶಾಲೆಯೆಂದು ಖಚಿತಪಡಿಸಿಕೊಳ್ಳಿ

‘ಇಗರ್ಜಿ ಶಾಲೆ’ ಎಂಬ ಒಂದೇ ಹೆಸರಿನಡಿ ಕಾನೂನಿನ ದೃಷ್ಟಿಯಿಂದ ಬಹಳ ಭಿನ್ನವಾದ ಶಾಲೆಗಳಿವೆ. ಕೇರಳದಲ್ಲಿ ಮುಖ್ಯವಾಗಿ ಮೂರು ವರ್ಗ: ಸರಕಾರಿ, ಅನುದಾನಿತ ಮತ್ತು ಅನುದಾನರಹಿತ. ಅನುದಾನಿತ ಅಥವಾ ‘ಏಡೆಡ್’ ಶಾಲೆ ಎಂದರೆ ಕಟ್ಟಡ, ಜಮೀನು ಮತ್ತು ಆಡಳಿತ ಖಾಸಗಿಯವರದ್ದು, ಅಧ್ಯಾಪಕರ ಸಂಬಳ ಸರಕಾರದ್ದು. 1958ರ ಕೇರಳ ಶಿಕ್ಷಣ ಕಾಯ್ದೆ ಮತ್ತು ಅದರಡಿ ಬಂದ ನಿಯಮಾವಳಿ ಇಂಥ ಶಾಲೆಗಳಿಗೆ ಅನ್ವಯಿಸುತ್ತವೆ. ಅಧ್ಯಾಪಕರನ್ನು ನೇಮಿಸುವವರು ಮ್ಯಾನೇಜರ್, ಅಂದರೆ ಶಾಲೆಯ ಆಡಳಿತದ ಹೊಣೆ ಹೊತ್ತ ವ್ಯಕ್ತಿ. ಇಗರ್ಜಿ ಶಾಲೆಯಲ್ಲಿ ಸಾಮಾನ್ಯವಾಗಿ ಆ ಊರಿನ ಧರ್ಮಗುರುಗಳು ಅಥವಾ ಧರ್ಮಪ್ರಾಂತ್ಯವು, ಅಂದರೆ ಬಿಷಪರ ಆಡಳಿತಕ್ಕೊಳಪಟ್ಟ ವಲಯವು, ನೇಮಿಸಿದವರು ಈ ಸ್ಥಾನದಲ್ಲಿರುತ್ತಾರೆ. ದಿನನಿತ್ಯದ ಆಡಳಿತ ಮಾತ್ರ ಮುಖ್ಯೋಪಾಧ್ಯಾಯರದ್ದು. ಪ್ರವೇಶದ ಮಾತನ್ನು ಅವರೊಂದಿಗೇ ಆಡಬೇಕು, ಧರ್ಮಗುರುಗಳ ಮನೆಗೆ ಹೋಗಿ ಶಿಫಾರಸು ಕೇಳುವ ಅಗತ್ಯವಿಲ್ಲ.

ಫಲಕದ ಮೇಲಿನ ಅಕ್ಷರಗಳೇ ಬಹಳಷ್ಟನ್ನು ಹೇಳುತ್ತವೆ. ಎ.ಎಲ್.ಪಿ. ಎಂದಿದ್ದರೆ ಅನುದಾನಿತ ಕಿರಿಯ ಪ್ರಾಥಮಿಕ ಶಾಲೆ, ಅಂದರೆ ಒಂದರಿಂದ ನಾಲ್ಕನೇ ತರಗತಿ. ಎ.ಯು.ಪಿ. ಎಂದಿದ್ದರೆ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ, ಏಳನೇ ತರಗತಿಯವರೆಗೆ. ಜಿ.ಎಲ್.ಪಿ. ಮತ್ತು ಜಿ.ಯು.ಪಿ. ಸರಕಾರಿ ಶಾಲೆಗಳು. ಕರ್ನಾಟಕದಿಂದ ಬಂದು ನೆಲೆಸಿದವರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಕಿರಿಯ ಪ್ರಾಥಮಿಕವೆಂದರೆ ಐದನೇ ತರಗತಿಯವರೆಗೆ, ಇಲ್ಲಿ ನಾಲ್ಕಕ್ಕೇ ಮುಗಿಯುತ್ತದೆ.

ಹೆತ್ತವರು ಎಡವುವುದು ಹೆಚ್ಚಾಗಿ ಇನ್ನೊಂದು ಕಡೆಯಲ್ಲಿ. ಕೆಲವು ಇಗರ್ಜಿಗಳ ಒಂದೇ ಆವರಣದಲ್ಲಿ ಹಳೆಯ ಅನುದಾನಿತ ಶಾಲೆಯೂ ಹೊಸ ಅನುದಾನರಹಿತ ಆಂಗ್ಲ ಮಾಧ್ಯಮ ಶಾಲೆಯೂ ಇರುತ್ತವೆ. ಗೇಟು ಒಂದೇ, ಸಂತರ ಹೆಸರೂ ಒಂದೇ. ಒಂದರಲ್ಲಿ ಬೋಧನಾ ಶುಲ್ಕವಿಲ್ಲ, ಇನ್ನೊಂದರಲ್ಲಿ ಶುಲ್ಕದಿಂದಲೇ ಶಾಲೆ ನಡೆಯಬೇಕು. ನೆರೆಮನೆಯವರು ಹೇಳಿದ ಶುಲ್ಕದ ಮೊತ್ತ ಯಾವ ಶಾಲೆಯದ್ದೆಂದು ತಿಳಿಯದೆ ಹಿಂಜರಿಯಬೇಡಿ, ಯಾವುದಕ್ಕೆ ಅರ್ಜಿ ಹಾಕುತ್ತಿದ್ದೀರೆಂದು ತಿಳಿಯದೆ ಸಹಿಯನ್ನೂ ಹಾಕಬೇಡಿ.

ಯಾವ ಸಭೆಗೆ, ಅಂದರೆ ಯಾವ ಕ್ರೈಸ್ತ ಪಂಗಡಕ್ಕೆ, ಸೇರಿದ ಶಾಲೆಯೆಂಬುದೂ ಭಾಷೆಯ ದೃಷ್ಟಿಯಿಂದ ಮುಖ್ಯವಾಗುತ್ತದೆ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ, ಕುಂಬಳೆ ಮುಂತಾದ ಕಡೆಯ ಕಥೋಲಿಕ ಇಗರ್ಜಿಗಳು ರಾಜ್ಯದ ಗಡಿಯಾಚೆಯ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ, ಅಲ್ಲಿಯ ಶಾಲಾ ಪರಂಪರೆ ಕನ್ನಡದ್ದು. ರಾಜಪುರಂ, ವೆಳ್ಳರಿಕುಂಡು ಕಡೆಯ ಗುಡ್ಡಗಾಡಿನಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಕ್ರೈಸ್ತರು ಕಟ್ಟಿದ ಶಾಲೆಗಳು ಸಾಮಾನ್ಯವಾಗಿ ಮಲಯಾಳ ಮಾಧ್ಯಮದವು. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪರಂಪರೆಯ ಶಾಲೆಗಳು ಸಿ.ಎಸ್.ಐ. ಎಂದು ಕರೆಯುವ ದಕ್ಷಿಣ ಭಾರತ ಸಭೆಯವರದ್ದು.

2. ಮಾಧ್ಯಮವನ್ನು ಮೊದಲು ತೀರ್ಮಾನಿಸಿ

ಕಾಸರಗೋಡಿನ ಮನೆಗಳಲ್ಲಿ ಆಡುವ ಭಾಷೆ ತುಳು, ಕೊಂಕಣಿ, ಹವ್ಯಕ ಕನ್ನಡ, ಮರಾಟಿ, ಬ್ಯಾರಿ, ಮಲಯಾಳ ಹೀಗೆ ಯಾವುದೂ ಆಗಿರಬಹುದು. ಶಾಲೆಯ ಮಾಧ್ಯಮ ಮಾತ್ರ ಕನ್ನಡ, ಮಲಯಾಳ ಅಥವಾ ಇಂಗ್ಲಿಷ್. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು 1956ರ ಏಳನೇ ತಿದ್ದುಪಡಿಯಿಂದ ಸೇರಿದ್ದು, ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಕೇರಳದ ಪಠ್ಯಕ್ರಮದ ಪುಸ್ತಕಗಳು ಕನ್ನಡದಲ್ಲಿಯೂ ಮುದ್ರಣವಾಗುತ್ತವೆ. ಕನ್ನಡ ಮಾಧ್ಯಮದ ಮಗು ಮಲಯಾಳ ಮಾಧ್ಯಮದ ಮಗು ಕಲಿಯುವ ಗಣಿತ, ಪರಿಸರ ಅಧ್ಯಯನವನ್ನೇ ಕನ್ನಡದಲ್ಲಿ ಕಲಿಯುತ್ತದೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ ಆಡುವ ಮಗುವಿಗೆ ಮೊದಲ ನಾಲ್ಕು ವರ್ಷ ಕನ್ನಡ ಮಾಧ್ಯಮವೇ ಒಳ್ಳೆಯದು. ಆ ವಯಸ್ಸಿನಲ್ಲಿ ಮಗು ತಾನು ಕೇಳಿ ಬಲ್ಲ ಮಾತಿನಲ್ಲಿ ಲೆಕ್ಕ ಮಾಡಿ, ಕತೆ ಓದಿ, ಪ್ರಶ್ನೆ ಕೇಳುವಂತಾಗಬೇಕು. ಆದರೆ ಅಭಿಮಾನದಿಂದ ಮಾತ್ರ ತೀರ್ಮಾನಿಸಬೇಡಿ, ಈ ಕೆಳಗಿನದನ್ನು ವಿಚಾರಿಸಿಕೊಂಡು ತೀರ್ಮಾನಿಸಿ.

ಮೊದಲನೆಯದಾಗಿ, ಶಾಲೆಯಲ್ಲಿ ಕನ್ನಡ ವಿಭಾಗ ಎಲ್ಲ ತರಗತಿಗಳಲ್ಲೂ ನಡೆಯುತ್ತಿದೆಯೇ, ಅಥವಾ ಕೆಲವು ತರಗತಿಗಳಲ್ಲಿ ನಿಂತುಹೋಗಿದೆಯೇ ಎಂದು ಕೇಳಿ. ಎರಡನೆಯದಾಗಿ, ನಾಲ್ಕು ಅಥವಾ ಏಳನೇ ತರಗತಿಯ ನಂತರ ಕನ್ನಡ ಮಾಧ್ಯಮ ಮುಂದುವರಿಯುವ ಹತ್ತಿರದ ಶಾಲೆ ಯಾವುದು, ಕಳೆದ ವರ್ಷ ಇಲ್ಲಿಂದ ಹೋದ ಮಕ್ಕಳು ಎಲ್ಲಿ ಸೇರಿದರು ಎಂದು ಕೇಳಿ. ಈ ಎರಡನೆಯ ಪ್ರಶ್ನೆಗೆ ಮುಖ್ಯೋಪಾಧ್ಯಾಯರು ಶಾಲೆಗಳ ಹೆಸರು ಹಿಡಿದು ಉತ್ತರಿಸಿದರೆ ಅವರು ತಮ್ಮ ಮಕ್ಕಳನ್ನು ನೆನಪಿಟ್ಟವರೆಂದು ತಿಳಿಯಬಹುದು. ಮೂರನೆಯದಾಗಿ, ಕನ್ನಡ ವಿಭಾಗಕ್ಕೆ ಪಾಠ ಮಾಡುವವರು ಕನ್ನಡದಲ್ಲಿ ಕಲಿತವರೇ ಎಂಬುದನ್ನು ತಿಳಿದುಕೊಳ್ಳಿ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸಿದ ಬಗ್ಗೆ ಈ ಜಿಲ್ಲೆಯಲ್ಲಿ ಹೆತ್ತವರೂ ಮಕ್ಕಳೂ ಪ್ರತಿಭಟಿಸಿದ್ದುಂಟು, ಆದ್ದರಿಂದ ಇದು ಕೇಳಲೇಬೇಕಾದ ಪ್ರಶ್ನೆ.

ಹತ್ತನೇ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಕೇರಳದಲ್ಲಿ 2017ರಲ್ಲಿ ಬಂತು. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಹೇಗೆ ಅನ್ವಯಿಸಬೇಕೆಂಬುದು ಇಂದಿಗೂ ವಿವಾದದ ವಿಷಯ. ನೀವು ಸೇರಿಸುವ ಶಾಲೆಯಲ್ಲಿ ಮಲಯಾಳವನ್ನು ಯಾವ ತರಗತಿಯಿಂದ, ಯಾರು ಕಲಿಸುತ್ತಾರೆಂದು ನೇರವಾಗಿ ಕೇಳಿಬಿಡಿ. ಮಗು ಮಲಯಾಳ ಓದಲು ಕಲಿತರೆ ಈ ಜಿಲ್ಲೆಯಲ್ಲಿ ಬದುಕುವವರಿಗೆ ಲಾಭವೇ ಹೊರತು ನಷ್ಟವಿಲ್ಲ. ಅದು ಕನ್ನಡದ ಜಾಗವನ್ನು ಕಸಿದುಕೊಳ್ಳಬಾರದು, ಅಷ್ಟೆ.

3. ಮಕ್ಕಳ ಸಂಖ್ಯೆಯನ್ನು ಸರಿಯಾಗಿ ಓದಿ

ಸಣ್ಣ ಶಾಲೆಯೆಂದರೆ ಕೆಟ್ಟ ಶಾಲೆಯಲ್ಲ. ಹನ್ನೆರಡು ಮಕ್ಕಳ ತರಗತಿಯಲ್ಲಿ ಅಧ್ಯಾಪಕಿ ಪ್ರತಿ ಮಗುವಿನ ಪುಸ್ತಕವನ್ನೂ ದಿನವೂ ನೋಡಬಲ್ಲರು. ಆದರೆ ಸಂಖ್ಯೆ ಬಹಳ ಕುಗ್ಗಿದರೆ ಅಧ್ಯಾಪಕರ ಹುದ್ದೆಗೆ ಪೆಟ್ಟು ಬೀಳುತ್ತದೆ, ಅದು ಮಗುವಿನ ಕಲಿಕೆಗೂ ತಟ್ಟುತ್ತದೆ.

ಕ್ರಮ ಹೀಗಿದೆ. ಕೇರಳದಲ್ಲಿ ಶಾಲೆ ಆರಂಭವಾದ ಆರನೇ ಕೆಲಸದ ದಿನದಂದು ಮಕ್ಕಳ ಲೆಕ್ಕ ತೆಗೆಯುತ್ತಾರೆ, ಆ ವರ್ಷದ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುವುದು ಅದರ ಆಧಾರದ ಮೇಲೆ. ಕಿರಿಯ ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಅಧ್ಯಾಪಕರೆಂಬುದು ಸಾಮಾನ್ಯ ಅನುಪಾತ. ತರಗತಿಗೆ ಸರಾಸರಿ ಹದಿನೈದು ಮಕ್ಕಳೂ ಇಲ್ಲದ ಶಾಲೆಯನ್ನು ಸರಕಾರಿ ಕಡತಗಳಲ್ಲಿ ‘ಲಾಭದಾಯಕವಲ್ಲದ ಶಾಲೆ’ ಎಂದು ಕರೆಯುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಲೆಕ್ಕಪತ್ರದ ಮಾತು, ಪಾಠದ ಗುಣಮಟ್ಟದ ಮಾತಲ್ಲ, ನಾಳೆಯೇ ಬೀಗ ಬೀಳುತ್ತದೆಂದೂ ಅಲ್ಲ. ಆದರೆ ಅಂಥ ಅನುದಾನಿತ ಶಾಲೆಯಲ್ಲಿ ಹೊಸ ಅಧ್ಯಾಪಕರು ದಿನಗೂಲಿಯ ಮೇಲೆ ಬರುವುದು ಸಾಮಾನ್ಯ, ಅವರು ವರ್ಷದ ನಡುವೆ ಬೇರೆ ಕೆಲಸ ಸಿಕ್ಕಿ ಹೊರಟುಹೋಗುವುದೂ ಉಂಟು.

ಸಂಖ್ಯೆಯನ್ನು ತಿಳಿಯಲು ಯಾರ ಮುಲಾಜೂ ಬೇಕಿಲ್ಲ. ಕೇರಳ ಸರಕಾರದ ‘ಸಮೇತಂ’ ಎಂಬ ಜಾಲತಾಣದಲ್ಲಿ ಶಾಲೆವಾರು ಮಕ್ಕಳ ಸಂಖ್ಯೆ ಸಾರ್ವಜನಿಕರಿಗೆ ತೆರೆದಿದೆ. ಒಂದು ವರ್ಷದ ಅಂಕಿಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದನೇ ತರಗತಿಯಲ್ಲಿ ಎಷ್ಟು, ನಾಲ್ಕರಲ್ಲಿ ಎಷ್ಟು ಎಂದು ಹೋಲಿಸಿ ನೋಡಿ. ನಾಲ್ಕರಲ್ಲಿ ಇಪ್ಪತ್ತು ಮಕ್ಕಳಿದ್ದು ಒಂದರಲ್ಲಿ ಆರೇ ಇದ್ದರೆ ಶಾಲೆ ಇಳಿಮುಖದಲ್ಲಿದೆ; ಒಂದರಲ್ಲಿ ಹದಿನೆಂಟು, ನಾಲ್ಕರಲ್ಲಿ ಹತ್ತು ಇದ್ದರೆ ಊರಿನವರ ವಿಶ್ವಾಸ ಮರಳುತ್ತಿದೆ. ನಿಮ್ಮದೊಂದು ಮಗು ಸೇರುವುದರಿಂದ ಒಂದು ಹುದ್ದೆ ಉಳಿಯುವ ಸಂದರ್ಭವೂ ಇರುತ್ತದೆ, ಆದ್ದರಿಂದಲೇ ಮೇ ತಿಂಗಳಲ್ಲಿ ಅಧ್ಯಾಪಕರು ಮನೆಮನೆಗೆ ಬರುತ್ತಾರೆ. ಅವರ ಕಳಕಳಿ ಪ್ರಾಮಾಣಿಕವಾದದ್ದು, ಗೌರವದಿಂದ ಕೇಳಿಸಿಕೊಳ್ಳಿ. ಆದರೂ ಶಾಲೆಯನ್ನು ಕಣ್ಣಾರೆ ನೋಡುವ ತನಕ ಮಾತು ಕೊಡಬೇಡಿ.

4. ಶಾಲೆ ನಡೆಯುವ ದಿನವೇ ಹೋಗಿ ನೋಡಿ

ಪ್ರವೇಶೋತ್ಸವದ ದಿನ, ವಾರ್ಷಿಕೋತ್ಸವದ ದಿನ ಎಲ್ಲ ಶಾಲೆಗಳೂ ಚೆಂದವಾಗಿ ಕಾಣುತ್ತವೆ. ಫೆಬ್ರವರಿಯ ಯಾವುದಾದರೊಂದು ಸಾಮಾನ್ಯ ದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹೋಗಿ.

ನಾನು ಮೊದಲು ನೋಡಲು ಹೇಳುವುದು ಎರಡನೇ ತರಗತಿಯ ಒಂದು ಮಗುವಿನ ನೋಟುಪುಸ್ತಕವನ್ನು. ಪುಟಗಳನ್ನು ತಿರುವಿದಾಗ ಕರಿಹಲಗೆಯಿಂದ ನಕಲು ಮಾಡಿದ, ಎಲ್ಲ ಮಕ್ಕಳಲ್ಲೂ ಒಂದೇ ರೀತಿಯಿರುವ ವಾಕ್ಯಗಳು ಮಾತ್ರ ಇವೆಯೇ, ಅಥವಾ ಮಗು ತಾನಾಗಿ ಬರೆದ, ಒತ್ತಕ್ಷರ ತಪ್ಪಿದ, ಅಧ್ಯಾಪಕಿ ಕೆಂಪು ಶಾಯಿಯಲ್ಲಿ ತಿದ್ದಿ ಪಕ್ಕದಲ್ಲಿ ಒಂದು ಮಾತು ಬರೆದ ಸಾಲುಗಳೂ ಇವೆಯೇ ಎಂದು ಗಮನಿಸಿ. ತಪ್ಪಿಲ್ಲದ ನೋಟುಪುಸ್ತಕಕ್ಕಿಂತ ತಿದ್ದಿದ ನೋಟುಪುಸ್ತಕ ಹೆಚ್ಚು ನಂಬಿಕೆಗೆ ಅರ್ಹ.

ಅನಂತರ ಇವನ್ನು ನೋಡಿ: ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಒಬ್ಬರೇ ಪಾಠ ಮಾಡುತ್ತಿದ್ದಾರೆಯೇ, ತರಗತಿಗಳ ನಡುವೆ ಗೋಡೆಯಿದೆಯೇ ಅಥವಾ ಹಳೆಯ ಉದ್ದ ಕೋಣೆಯನ್ನು ತಟ್ಟಿಯಿಂದ ಬೇರ್ಪಡಿಸಿದ್ದಾರೆಯೇ, ಹುಡುಗಿಯರ ಶೌಚಾಲಯದಲ್ಲಿ ನೀರಿದೆಯೇ, ಬಾವಿಗೆ ಕಟ್ಟೆ ಮತ್ತು ಬಲೆ ಇದೆಯೇ, ಮಧ್ಯಾಹ್ನದೂಟದ ಅಡುಗೆಕೋಣೆ ಶುಚಿಯಾಗಿದೆಯೇ. ಒಂದರಿಂದ ಎಂಟನೇ ತರಗತಿಯವರೆಗೆ ಅನುದಾನಿತ ಶಾಲೆಯ ಮಕ್ಕಳಿಗೂ ಮಧ್ಯಾಹ್ನದೂಟ ಉಚಿತ, ಅದರೊಂದಿಗೆ ಹಾಲು ಮತ್ತು ಮೊಟ್ಟೆ ಕೊಡುವ ಯೋಜನೆಯೂ ಇದೆ. ಮೊಟ್ಟೆ ತಿನ್ನದ ಮನೆಯವರು ಅದನ್ನು ಮೊದಲೇ ತಿಳಿಸಿದರೆ ಬದಲಿಗೆ ಹಣ್ಣು ಕೊಡುವ ಕ್ರಮವಿದೆ.

ದಾರಿಯನ್ನು ಮಳೆಗಾಲದ ಕಣ್ಣಿನಿಂದ ನೋಡಿ. ಏಪ್ರಿಲಿನಲ್ಲಿ ಹತ್ತು ನಿಮಿಷದ ಕಾಲುದಾರಿಯಾಗಿ ಕಾಣುವುದು ಜುಲೈಯಲ್ಲಿ ತುಂಬಿದ ತೋಡು, ಜಾರುವ ಕಾಲುಸಂಕ, ನೀರು ನಿಂತ ಗದ್ದೆಯ ಹುಣಿ ಆಗಿರಬಹುದು. ಆಟೋ ಅಥವಾ ಜೀಪಿನಲ್ಲಿ ಕಳುಹಿಸುವುದಾದರೆ ಅದರಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆಂದು ನೀವೇ ನಿಂತು ನೋಡಿ.

ವಿಶೇಷ ಆರೈಕೆ ಬೇಕಾದ ಮಗುವಾದರೆ, ಬಿ.ಆರ್.ಸಿ. ಎಂದು ಕರೆಯುವ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ವಿಶೇಷ ಅಧ್ಯಾಪಕರು ಆ ಶಾಲೆಗೆ ಬರುತ್ತಾರೆಯೇ, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ವಿಚಾರಿಸಿ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತುಗಳಲ್ಲಿ ಬೌದ್ಧಿಕ ಸವಾಲಿರುವ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗಳು ಬೇರೆಯೇ ವ್ಯವಸ್ಥೆ. ಎರಡರಲ್ಲಿ ಯಾವುದು ತಕ್ಕದ್ದೆಂದು ವೈದ್ಯರ ಮತ್ತು ವಿಶೇಷ ಅಧ್ಯಾಪಕರ ಅಭಿಪ್ರಾಯ ಪಡೆದೇ ತೀರ್ಮಾನಿಸಬೇಕು.

5. ಧರ್ಮದ ವಿಷಯವನ್ನು ಸಂಕೋಚವಿಲ್ಲದೆ ಕೇಳಿ ತಿಳಿಯಿರಿ

ಇಲ್ಲಿ ಸಂವಿಧಾನದ ಮೂರು ವಿಧಿಗಳನ್ನು ತಿಳಿದಿದ್ದರೆ ಸಾಕು. 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. 29ನೇ ವಿಧಿಯ ಎರಡನೇ ಉಪವಿಧಿ, ಸರಕಾರದ ಅನುದಾನ ಪಡೆಯುವ ಸಂಸ್ಥೆ ಕೇವಲ ಧರ್ಮ, ಜಾತಿ ಅಥವಾ ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಕೂಡದೆನ್ನುತ್ತದೆ. 28ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನವಿರುವ ಸಂಸ್ಥೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಹಾಜರಾಗುವಂತೆ ಒತ್ತಾಯಿಸುವಂತಿಲ್ಲ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಿದ್ದಾಗ ತಮ್ಮ ಸಮುದಾಯದ ಮಕ್ಕಳಿಗೆ ಒಂದು ಮಿತಿಯಲ್ಲಿ ಆದ್ಯತೆ ಕೊಡುವುದನ್ನು ನ್ಯಾಯಾಲಯಗಳು ಒಪ್ಪಿವೆ. ಆದರೆ ಹಳ್ಳಿಯ ಅನುದಾನಿತ ಶಾಲೆಗಳಲ್ಲಿ ಇಂದು ಕೊರತೆಯಿರುವುದು ಮಕ್ಕಳದ್ದೇ ಹೊರತು ಸೀಟುಗಳದ್ದಲ್ಲ. ಅನೇಕ ಇಗರ್ಜಿ ಶಾಲೆಗಳಲ್ಲಿ ಕ್ರೈಸ್ತೇತರ ಮಕ್ಕಳೇ ಹೆಚ್ಚು.

ಕೇಳಬೇಕಾದದ್ದು ಇಷ್ಟು: ಬೆಳಗಿನ ಪ್ರಾರ್ಥನೆ ಯಾವುದು, ಮೌಲ್ಯ ಶಿಕ್ಷಣದ ಅವಧಿಯಲ್ಲಿ ಏನನ್ನು ಕಲಿಸುತ್ತಾರೆ, ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಹೊತ್ತಿನಲ್ಲಿ ಉಳಿದ ಮಕ್ಕಳು ಏನು ಮಾಡುತ್ತಾರೆ, ಹಬ್ಬದ ದಿನ ಹಣೆಗೆ ಬೊಟ್ಟು, ಕೈಗೆ ಬಳೆ, ತಲೆಗೆ ಹೂವು ಇಟ್ಟುಕೊಂಡು ಬರಬಹುದೇ. ಒಳ್ಳೆಯ ಶಾಲೆ ಇವಕ್ಕೆ ಬೇಸರವಿಲ್ಲದೆ ಉತ್ತರಿಸುತ್ತದೆ. ಕ್ರೈಸ್ತ ಕುಟುಂಬದವರೂ ಒಂದನ್ನು ಗಮನಿಸಿ: ಒಂದನೇ ತರಗತಿಯ ಪ್ರವೇಶಕ್ಕೆ ನಿಮ್ಮ ಇಗರ್ಜಿಯ ಪತ್ರ ಕಡ್ಡಾಯವಲ್ಲ, ಜ್ಞಾನಸ್ನಾನದ ಪತ್ರ ಜನನ ಪ್ರಮಾಣಪತ್ರಕ್ಕೆ ಬದಲಿಯೂ ಅಲ್ಲ.

ಕರ್ನಾಟಕದ ನೆಂಟರ ಮಾತು ಕೇಳಿ ‘ಆರ್‌ಟಿಇ ಸೀಟು’ ಕೇಳುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಮೀಸಲಿಡಬೇಕಾದ ನಾಲ್ಕನೇ ಒಂದು ಭಾಗದ ಸೀಟುಗಳನ್ನು ಹೀಗೆ ಕರೆಯುತ್ತಾರೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಪ್ರಮತಿ ಪ್ರಕರಣದಲ್ಲಿ ತೀರ್ಪಿತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಿತು. ಬೋಧನಾ ಶುಲ್ಕವೇ ಇಲ್ಲದ ಅನುದಾನಿತ ಶಾಲೆಗೆ ಸೇರಿಸುವವರಿಗೆ ಆ ಸೀಟಿನ ಅಗತ್ಯವೂ ಇಲ್ಲ.

6. ವಯಸ್ಸನ್ನು ಲೆಕ್ಕಹಾಕಿ

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಐದು ವರ್ಷ ತುಂಬಿರಬೇಕೆಂಬುದು ಕೇರಳದಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. 2026–27ರಿಂದ ಅದನ್ನು ಆರಕ್ಕೆ ಏರಿಸುವುದಾಗಿ ರಾಜ್ಯದ ಶಿಕ್ಷಣ ಸಚಿವರು 2025ರಲ್ಲಿ ಘೋಷಿಸಿದರು. ಆದ್ದರಿಂದ ಅಣ್ಣನನ್ನೋ ಅಕ್ಕನನ್ನೋ ಸೇರಿಸಿದಾಗಿನ ನಿಯಮವನ್ನು ನಂಬದೆ, ಆಯಾ ವರ್ಷದ ಆದೇಶವನ್ನು ಮುಖ್ಯೋಪಾಧ್ಯಾಯರಿಂದ ಅಥವಾ ಎ.ಇ.ಒ. ಕಚೇರಿಯಿಂದ, ಅಂದರೆ ಉಪಜಿಲ್ಲಾ ವಿದ್ಯಾಧಿಕಾರಿಯ ಕಚೇರಿಯಿಂದ ತಿಳಿದುಕೊಳ್ಳಿ. ಕನ್ನಡ ಶಾಲೆಗಳು ಹೆಚ್ಚಾಗಿರುವುದು ಮಂಜೇಶ್ವರ, ಕುಂಬಳೆ ಮತ್ತು ಕಾಸರಗೋಡು ಉಪಜಿಲ್ಲೆಗಳಲ್ಲಿ.

ಐದಕ್ಕೇ ಸೇರಿಸಲು ಅವಕಾಶವಿದ್ದರೂ, ಮುಂದೆ ಮಂಗಳೂರಿಗೋ ಪುತ್ತೂರಿಗೋ ವಾಸ ಬದಲಿಸುವ ಯೋಚನೆಯಿರುವವರು ಎಚ್ಚರ ವಹಿಸಬೇಕು. ಕರ್ನಾಟಕದಲ್ಲಿ ಆರು ವರ್ಷದ ನಿಯಮವಿರುವುದರಿಂದ, ಇಲ್ಲಿ ಎರಡನೇ ತರಗತಿ ಮುಗಿಸಿದ ಚಿಕ್ಕ ಮಗುವನ್ನು ಅಲ್ಲಿ ಮೂರಕ್ಕೆ ಸೇರಿಸುವಾಗ ಪ್ರಶ್ನೆಗಳು ಏಳುತ್ತವೆ. ಹುಟ್ಟಿದ ದಿನವನ್ನು ಬದಲಿಸಿ ಬರೆಸುವ ಹಳೆಯ ಅಭ್ಯಾಸವನ್ನಂತೂ ಯಾರೂ ಅನುಸರಿಸಬಾರದು. ಶಾಲಾ ದಾಖಲೆಯಲ್ಲಿ ಒಮ್ಮೆ ಬರೆದ ಜನ್ಮದಿನಾಂಕವನ್ನು ತಿದ್ದಿಸುವುದು ವರ್ಷಗಟ್ಟಲೆ ಅಲೆದಾಟದ ಕೆಲಸ.

7. ದಾಖಲೆಗಳನ್ನು ಏಪ್ರಿಲಿನಲ್ಲೇ ಸಿದ್ಧಪಡಿಸಿ

ಮುಖ್ಯವಾದದ್ದು ಜನನ ಪ್ರಮಾಣಪತ್ರ. ಗಡಿನಾಡಿನವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮಲ್ಲಿ ಬಹಳ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಜನನ ನೋಂದಣಿಯಾಗುವುದು ಹುಟ್ಟಿದ ಸ್ಥಳದಲ್ಲಿ, ಆದ್ದರಿಂದ ಪತ್ರ ಸಿಗುವುದು ಅಲ್ಲಿಯ ನೋಂದಣಿ ಕಚೇರಿಯಿಂದಲೇ ಹೊರತು ನಿಮ್ಮ ಪಂಚಾಯತಿನಿಂದಲ್ಲ. ಆಸ್ಪತ್ರೆಯಿಂದ ನೋಂದಣಿಯಾಗುವಾಗ ಮಗುವಿಗೆ ಹೆಸರಿಟ್ಟಿರುವುದಿಲ್ಲ, ಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಉಳಿದಿರುತ್ತದೆ. ಅನೇಕರು ಇದನ್ನು ಗಮನಿಸುವುದು ಮೇ ತಿಂಗಳ ಕೊನೆಯ ವಾರದಲ್ಲಿ. ಮೊದಲ ಹನ್ನೆರಡು ತಿಂಗಳಲ್ಲಿ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶಕ್ಕೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕೆಂದು ಕಾನೂನು ತಿದ್ದುಪಡಿಯಾಗಿದೆ, ಆದ್ದರಿಂದ ಈಗಿನ ಚಿಕ್ಕ ಮಕ್ಕಳ ಹೆತ್ತವರು ತಡಮಾಡಬಾರದು.

ಆಧಾರ್ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಿದ್ದರೂ ಆರನೇ ದಿನದ ಲೆಕ್ಕದಲ್ಲಿ ಆಧಾರ್ ಸಂಖ್ಯೆಯನ್ನು ಕೇಳುತ್ತಾರೆ, ಆದ್ದರಿಂದ ಮೊದಲೇ ಮಾಡಿಸಿಟ್ಟುಕೊಂಡರೆ ಶಾಲೆಗೂ ನಿಮಗೂ ಅನುಕೂಲ. ಐದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ನವೀಕರಿಸಬೇಕೆಂಬುದನ್ನು ಮರೆಯಬೇಡಿ.

ಇವುಗಳ ಜೊತೆಗೆ ಪಡಿತರ ಚೀಟಿಯ ಪ್ರತಿ, ಲಸಿಕೆಯ ಕಾರ್ಡ್, ಮಗುವಿನ ಭಾವಚಿತ್ರ, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ ಇರಲಿ. ಜಾತಿ ಪತ್ರ ಕೈಯಲ್ಲಿಲ್ಲವೆಂದು ಪ್ರವೇಶವನ್ನು ಮುಂದೂಡಬೇಡಿ, ಅದನ್ನು ಅನಂತರವೂ ಕೊಡಬಹುದು.

8. ಅರ್ಜಿಯ ಪ್ರತಿ ಅಂಕಣವನ್ನು ನೀವೇ ಓದಿ ತುಂಬಿಸಿ

ಅರ್ಜಿ ಒಂದೆರಡು ಪುಟದ್ದು. ಅದರಲ್ಲಿ ಬರೆದದ್ದು ಶಾಲೆಯ ಪ್ರವೇಶ ಪುಸ್ತಕಕ್ಕೆ, ಅಲ್ಲಿಂದ ‘ಸಂಪೂರ್ಣ’ ಎಂಬ ಗಣಕ ದಾಖಲೆಗೆ, ಕೊನೆಗೆ ಹತ್ತನೇ ತರಗತಿಯ ಪ್ರಮಾಣಪತ್ರಕ್ಕೆ ಹೋಗುತ್ತದೆ. ಆದ್ದರಿಂದ ಅಧ್ಯಾಪಕರು ಬರೆದುಕೊಳ್ಳಲಿ ಎಂದು ಖಾಲಿ ಅರ್ಜಿಗೆ ಸಹಿ ಹಾಕಿ ಬರಬೇಡಿ.

ಹೆಚ್ಚು ತಪ್ಪಾಗುವುದು ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ. ಸವಿತ, ಲಲಿತ ಎಂಬ ಹೆಸರುಗಳ ತಕಾರವನ್ನು ಮಂಗಳೂರಿನ ಕಚೇರಿಯಲ್ಲಿ ‘ಟಿ’ ಅಕ್ಷರ ಮಾತ್ರ ಹಾಕಿ ಬರೆದಿರುತ್ತಾರೆ, ಸರಕಾರಿ ಆನ್‌ಲೈನ್ ಸೇವೆ ಒದಗಿಸುವ ಇಲ್ಲಿಯ ಅಕ್ಷಯ ಕೇಂದ್ರದಲ್ಲಿ ಅದಕ್ಕೊಂದು ‘ಎಚ್’ ಸೇರಿಸುತ್ತಾರೆ. ಡಿಸೋಜ ಎಂಬ ಮನೆತನದ ಹೆಸರು ಜನನ ಪತ್ರದಲ್ಲಿ ಅಂಟಿಕೊಂಡಿದ್ದು, ಆಧಾರಿನಲ್ಲಿ ನಡುವೆ ಚುಕ್ಕಿಯೋ ಅಂತರವೋ ಬಂದು ಬೇರೆ ಹೆಸರಿನಂತೆ ಕಾಣುತ್ತದೆ. ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಮುಂದೆಯೋ ಹಿಂದೆಯೋ ಎಂಬುದೂ ಹೀಗೆಯೇ. ಜನನ ಪತ್ರವನ್ನು ಆಧಾರವಾಗಿಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿ ಬರೆಯಿರಿ.

ಇನ್ನು ಮಾತೃಭಾಷೆ ಮತ್ತು ಮಾಧ್ಯಮದ ಅಂಕಣಗಳು. ಇವನ್ನು ಖಾಲಿ ಬಿಟ್ಟರೆ ಅಥವಾ ಅಭ್ಯಾಸಬಲದಿಂದ ಬೇರೆಯವರು ‘ಮಲಯಾಳ’ ಎಂದು ತುಂಬಿಸಿದರೆ ಮುಂದೆ ಕಷ್ಟ. ಕರ್ನಾಟಕದ ವೃತ್ತಿಶಿಕ್ಷಣ ಕೋರ್ಸುಗಳ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವರ್ಗಗಳಿವೆ, ಆಗ ಮಾತೃಭಾಷೆಗೂ ಓದಿದ ಮಾಧ್ಯಮಕ್ಕೂ ದಾಖಲೆ ಕೇಳುತ್ತಾರೆ. ಮನೆಯಲ್ಲಿ ನಿಜವಾಗಿ ಆಡುವ ಭಾಷೆಯನ್ನೇ ಬರೆಯಿರಿ.

9. ಹಣದ ವಿಷಯ

ಅನುದಾನಿತ ಶಾಲೆಯ ಒಂದನೇ ತರಗತಿಗೆ ಬೋಧನಾ ಶುಲ್ಕವಿಲ್ಲ, ಪಠ್ಯಪುಸ್ತಕ ಉಚಿತ. ಡೊನೇಷನ್ ಕೇಳುವುದಕ್ಕೂ ಮಗುವಿಗೆ ಪ್ರವೇಶ ಪರೀಕ್ಷೆ ನಡೆಸುವುದಕ್ಕೂ ಅವಕಾಶವಿಲ್ಲ. ಗೊಂದಲ ಹುಟ್ಟುವುದು ಎಲ್.ಕೆ.ಜಿ., ಯು.ಕೆ.ಜಿ.ಯಿಂದ. ಅನುದಾನಿತ ಶಾಲೆಗಳಿಗೆ ಹೊಂದಿಕೊಂಡ ಈ ತರಗತಿಗಳನ್ನು ಸಾಮಾನ್ಯವಾಗಿ ರಕ್ಷಕ–ಶಿಕ್ಷಕ ಸಂಘವೇ ನಡೆಸುತ್ತದೆ, ಆ ಅಧ್ಯಾಪಿಕೆಯರ ಸಂಬಳಕ್ಕಾಗಿ ಶುಲ್ಕ ಪಡೆಯುತ್ತದೆ. ಅದು ಒಂದನೇ ತರಗತಿಗೆ ಮುಂದುವರಿಯಬಾರದು. ಸಂಘದ ವಂತಿಗೆ, ಬಸ್ಸಿನ ಬಾಡಿಗೆ, ಕಟ್ಟಡ ದುರಸ್ತಿಗೆ ಕೇಳುವ ನೆರವು ಬೇರೆ ಬೇರೆ ವಿಷಯಗಳು. ಯಾವುದನ್ನು ಕೊಟ್ಟರೂ ರಸೀದಿ ಪಡೆಯಿರಿ. ಹೆಂಚು ಬದಲಿಸಲು ನೆರವಾಗಬೇಕೆಂದು ನಿಮಗೆ ಅನ್ನಿಸಿದರೆ ಕೊಡಿ, ಆದರೆ ಪ್ರವೇಶಕ್ಕಾಗಿ ಕೊಟ್ಟಂತೆ ಆಗಬಾರದು.

ಅಲ್ಪಸಂಖ್ಯಾತ ಮ್ಯಾಟ್ರಿಕ್‌ಪೂರ್ವ ವಿದ್ಯಾರ್ಥಿವೇತನದ ಬಗ್ಗೆ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ. ಕೇಂದ್ರ ಸರಕಾರ 2022–23ರಿಂದ ಅದನ್ನು ಒಂಬತ್ತು ಮತ್ತು ಹತ್ತನೇ ತರಗತಿಗೆ ಸೀಮಿತಗೊಳಿಸಿದೆ, ಪ್ರಾಥಮಿಕ ತರಗತಿಗಳಿಗೆ ಸಿಗುವುದಿಲ್ಲ.

10. ಬೇರೆ ಶಾಲೆಯಿಂದ ಬರುವವರು

ಕೇರಳದೊಳಗಿನ ವರ್ಗಾವಣೆ ‘ಸಂಪೂರ್ಣ’ದ ಮೂಲಕ ಸುಲಭವಾಗಿ ಆಗುತ್ತದೆ. ಕರ್ನಾಟಕದಿಂದ ಬರುವವರು ಟಿ.ಸಿ. ಎಂದು ಕರೆಯುವ ವರ್ಗಾವಣೆ ಪತ್ರಕ್ಕೆ ಅಲ್ಲಿಯ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕೇ ಎಂದು ಸೇರುವ ಶಾಲೆಯಲ್ಲಿ ಮೊದಲೇ ಕೇಳಿಕೊಂಡು, ಆ ಬಳಿಕ ಟಿ.ಸಿ. ಪಡೆಯಿರಿ; ಹಳೆಯ ಶಾಲೆಯಿಂದ ಮಗುವಿನ ಖಾಯಂ ಶಿಕ್ಷಣ ಸಂಖ್ಯೆ, ಅಂದರೆ ‘ಪೆನ್’ ಎಂಬುದನ್ನೂ ಬರೆಸಿಕೊಳ್ಳಿ. ಹೊಸ ಶಾಲೆ ಒಪ್ಪುವ ಮುನ್ನ ಹಳೆಯ ಶಾಲೆಯಿಂದ ಹೆಸರು ತೆಗೆಸಬೇಡಿ.

11. ಸೇರಿದ ಮೇಲಿನ ಮೊದಲ ಕೆಲವು ವಾರ

ಮೊದಲ ಆರು ಕೆಲಸದ ದಿನ ಮಗುವನ್ನು ತಪ್ಪದೆ ಕಳುಹಿಸಿ, ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಜೂನ್ ಮುಗಿಯುವುದರೊಳಗೆ ‘ಸಂಪೂರ್ಣ’ದಲ್ಲಿ ದಾಖಲಾದ ವಿವರಗಳನ್ನು ತೋರಿಸುವಂತೆ ಕೇಳಿ, ಹೆಸರು, ಜನ್ಮದಿನಾಂಕ, ಮಾತೃಭಾಷೆ, ಮಾಧ್ಯಮ ಈ ನಾಲ್ಕನ್ನೂ ಅಕ್ಷರ ಅಕ್ಷರವಾಗಿ ಓದಿ. ತಪ್ಪಿದ್ದರೆ ಆಗಲೇ ತಿದ್ದಿಸುವುದು ಸುಲಭ. ರಕ್ಷಕ–ಶಿಕ್ಷಕ ಸಂಘದ ಮೊದಲ ಸಭೆಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಹೋಗಬೇಕು. ಸಣ್ಣ ಶಾಲೆಯಲ್ಲಿ ಆ ಸಭೆಯ ಹತ್ತಿಪ್ಪತ್ತು ಜನರೇ ಊಟ, ವಾಹನ, ಶೌಚಾಲಯದ ವಿಷಯಗಳನ್ನೆಲ್ಲ ತೀರ್ಮಾನಿಸುತ್ತಾರೆ.

ಏನಾದರೂ ಆಕ್ಷೇಪವಿದ್ದರೆ ಮೊದಲು ತರಗತಿ ಅಧ್ಯಾಪಕರಿಗೆ, ಆಮೇಲೆ ಮುಖ್ಯೋಪಾಧ್ಯಾಯರಿಗೆ, ಅಲ್ಲೂ ಪರಿಹಾರವಾಗದಿದ್ದರೆ ಮ್ಯಾನೇಜರರಿಗೆ ಮತ್ತು ಎ.ಇ.ಒ. ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಪ್ರವೇಶ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡುವಂತೆ ಕೇಳಿ. ಅರ್ಜಿಯನ್ನು ಮಲಯಾಳದಲ್ಲೇ ಬರೆಯಬೇಕೆಂದು ಯಾರಾದರೂ ಹೇಳಿದರೆ ಹಿಂದೆ ಬರಬೇಡಿ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ ಸಹಿತ ಕಚೇರಿಯ ಮುದ್ರೆ ಹಾಕಿಸಿಕೊಂಡು ಬನ್ನಿ.